ಬಿರುಕಿಗೆ ಸುಣ್ಣ ಬಳಿದರೆ ಸೇತುವೆ ಉಳಿದೀತೆ?

ಕ್ಯಾಲನೂರಿನಲ್ಲಿ ಕೋಲಾರದ ಬಸ್ಸಿಗೆ ಕಾಯುವವರು ಸಿಮೆಂಟಿನ ಕರೆಂಟು ಕಂಬಗಳನ್ನು ದಿನಾ ನೋಡುತ್ತಾರೆ. ಇಂಥ ಎಷ್ಟೋ ಕಂಬಗಳ ಒಳಗಿನ ತಂತಿಯನ್ನು ಮೊದಲೇ ಬಿಗಿಯಾಗಿ ಎಳೆದು ಆಮೇಲೆ ಕಾಂಕ್ರೀಟು ಸುರಿದಿರುತ್ತಾರೆ. ಗಟ್ಟಿಯಾದ ಮೇಲೆ ಎಳೆತ ಬಿಟ್ಟರೆ ತಂತಿ ಕುಗ್ಗಲು ನೋಡುತ್ತೆ, ಕಾಂಕ್ರೀಟನ್ನು ಅದುಮಿ ಹಿಡಿಯುತ್ತೆ. ಹಿಂದೆ ಕಮ್ಮಾರ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಿದ್ದುದೂ ಇದೇ ಲೆಕ್ಕ. ಆರಿದ ಪಟ್ಟಿ ಮರವನ್ನು ಬಿಗಿಯುತ್ತಿತ್ತು.

ದೊಡ್ಡ ಮೇಲ್ಸೇತುವೆಗಳು ನಿಂತಿರುವುದೂ ಈ ಬಿಗಿತದ ಮೇಲೇ. ಕಾಂಕ್ರೀಟು ಒತ್ತಿದರೆ ತಡೆಯುತ್ತೆ, ಎಳೆದರೆ ಬಿರಿಯುತ್ತೆ. ಬಿರಿದರೆ ನೀರು ಒಳಗಿಳಿದು ಕೇಬಲ್ಲಿಗೆ ತುಕ್ಕು. ಅದಕ್ಕೇ ಐ.ಎಸ್. 1343 ಎಂಬ ನಿಯಮ, ಬಿರುಕಿಗೆ ಅವಕಾಶ ಕೊಟ್ಟ ಕಡೆಯೂ ಅಗಲ 0.2 ಮಿಲಿಮೀಟರ್ ದಾಟಬಾರದು ಅನ್ನುತ್ತೆ. ತುಕ್ಕಿನ ಕಾಟ ಹೆಚ್ಚಿರುವ ಕಡೆ 0.1 ಮಾತ್ರ. ಅಂದರೆ ಹೆಚ್ಚೂಕಡಿಮೆ ಲೆಕ್ಕದ ಪುಸ್ತಕದ ಒಂದು ಹಾಳೆಯ ದಪ್ಪ!

ಕಾಗದದ ಮೇಲಿನ ನಿಯಮ ಸರಿ, ಕಟ್ಟಿದ ಮೇಲೆ ನೋಡೋರು ಯಾರು? ಬೆಂಗಳೂರಿನ ಪೀಣ್ಯ ಮೇಲ್ಸೇತುವೆ ಶುರುವಾಗಿದ್ದು 2010ರಲ್ಲಿ. 2021ರ ಡಿಸೆಂಬರಿನಲ್ಲಿ ಕೇಬಲ್ ಕೈಕೊಟ್ಟಿದೆ ಅಂತ ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ಗಾಡಿಗಳನ್ನು ಬಿಟ್ಟರು. ಲಾರಿ, ಬಸ್ಸುಗಳು ಮತ್ತೆ ಹತ್ತಲು 2024ರ ಜುಲೈ ಬರಬೇಕಾಯಿತು. ಅಷ್ಟು ದಿನ ಕೆಳಗಿನ ರಸ್ತೆಯಲ್ಲಿ ಡೀಸೆಲ್ ಸುಟ್ಟಿದ್ದು ಯಾರ ದುಡ್ಡು? ಗೋವಾದ ಪಣಜಿಯಲ್ಲಂತೂ ಮಾಂಡೋವಿ ಸೇತುವೆ 1986ರ ಜುಲೈನಲ್ಲಿ ಕುಸಿದೇ ಹೋಯಿತು. ಕಟ್ಟಿ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಅಲ್ಲೂ ಕೇಬಲ್ಲಿಗೆ ಹಿಡಿದ ತುಕ್ಕೇ ಮಾರಿ.

ಈಗ ನಮ್ಮ ಮಾಲೂರು, ಬೇತಮಂಗಲದ ಕಡೆಯೂ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬಂದಿದೆ. ಹೊಸತು, ನುಣ್ಣಗಿದೆ, ಸಂತೋಷ. ಆದರೆ ಪರೀಕ್ಷೆ ಶುರುವಾಗಬೇಕಾದ್ದು ಹೊಸದಾಗಿದ್ದಾಗಲೇ. ಕೇಬಲ್ ಒಳಗೇ ತುಕ್ಕು ಹಿಡಿದರೆ, ಹೊರಗೆ ಬಿರುಕು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತೆ.

ಕೇಳುವುದೇನೂ ಹೆಚ್ಚಿಲ್ಲ. ಪ್ರತಿ ಮಳೆಗಾಲ ಕಳೆದ ಮೇಲೆ ಎಂಜಿನಿಯರು ಸೇತುವೆಯ ಅಡಿಗೆ ಇಳಿದು ನೋಡಲಿ. ಬಿರುಕು ಕಂಡರೆ ಅದರ ಎರಡು ತುದಿಗೂ ಗೆರೆ ಎಳೆದು, ಅಗಲವನ್ನೂ ತಾರೀಕನ್ನೂ ಬರೆಯಲಿ. ಮುಂದಿನ ವರ್ಷ ಗೆರೆ ದಾಟಿತೋ ಇಲ್ಲವೋ ದಾರಿಹೋಕನಿಗೂ ತಿಳಿಯುತ್ತೆ. ಆ ವರದಿಯನ್ನು ತಾಲ್ಲೂಕು ಕಚೇರಿಯ ಬೋರ್ಡಿಗೆ ಅಂಟಿಸಲಿ. ಕಾರಣ ಹುಡುಕದೆ ಮೇಲೊಂದು ಕೈ ಗಾರೆ ಮೆತ್ತಿ ಸುಣ್ಣ ಬಳಿಯುವ ಚಾಳಿ ಮಾತ್ರ ಬೇಡ.

ಎಲ್ಲ ಬಿರುಕೂ ಸೇತುವೆಯನ್ನು ಕೆಡವುವುದಿಲ್ಲ. ಮುಚ್ಚಿಟ್ಟ ಬಿರುಕನ್ನು ಮಾತ್ರ ನಂಬುವ ಹಾಗಿಲ್ಲ. ಟಿಕೆಟ್ ತಗೊಂಡು ಬಸ್ಸು ಹತ್ತಿದವನಿಗೆ ಅಷ್ಟು ಕೇಳುವ ಹಕ್ಕಿಲ್ಲವೇ?