ತಂಡ ಆಮೇಲೆ, ಮೊದಲು ಮೈದಾನ ಉಳಿಸಿಕೊಳ್ಳೋಣ

ಕೊಡಗಿನ ಸೋಮವಾರಪೇಟೆ ನಮ್ಮ ದೇವನಹಳ್ಳಿಗಿಂತ ಚಿಕ್ಕ ಊರು. ಆ ಊರಿನಿಂದ ಭಾರತ ಹಾಕಿ ತಂಡಕ್ಕೆ ಹೋಗಿ ಒಲಿಂಪಿಕ್ಸ್ ಆಡಿದವರಲ್ಲಿ ಇಬ್ಬರನ್ನು ನೋಡಿ. ಅರ್ಜುನ್ ಹಾಲಪ್ಪ 2001ರಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, 2004ರಲ್ಲಿ ಅಥೆನ್ಸ್‌ಗೆ ಹೋದರು. ಎಸ್.ವಿ. ಸುನಿಲ್ 2012 ಮತ್ತು 2016ರ ಒಲಿಂಪಿಕ್ಸ್ ಆಡಿದರು. ಸುನಿಲ್ ಚಿಕ್ಕಂದಿನಲ್ಲಿ ಆಡಿದ್ದು ಬಿದಿರಿನ ಕೋಲಿನಲ್ಲಿ.

ಕೋಲು ಬಿದಿರಿನದ್ದಾದರೂ ನಡೆಯುತ್ತದೆ. ಆದರೆ ಓಡಲು ಜಾಗ ಬೇಕು, ಆಡುವುದನ್ನು ನಿಂತು ನೋಡುವ ಊರು ಬೇಕು. ಕೊಡಗಿನಲ್ಲಿ ಎರಡೂ ಇದ್ದವು.

1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಟೂರ್ನಿ ಶುರು ಮಾಡಿದರು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು. ಪ್ರತಿ ವರ್ಷ ಒಂದು ಕುಟುಂಬ ಮುಂದೆ ನಿಂತು ನಡೆಸುತ್ತದೆ. ಅಜ್ಜ, ಮೊಮ್ಮಗ, ಮನೆಯ ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುವುದೂ ಉಂಟು. ನಮ್ಮಲ್ಲಿ ಊರಹಬ್ಬಕ್ಕೆ ಮನೆಮನೆಯವರು ಸೇರುವ ಹಾಗೆ ಅಲ್ಲಿ ಹಾಕಿಗೆ ಸೇರುತ್ತಾರೆ.

ಇನ್ನೂ ದೂರದ ಲಡಾಖ್ ನೋಡಿ. ಅಲ್ಲಿ ಆಡುವುದು ಐಸ್ ಹಾಕಿ. ಚಳಿಗಾಲದಲ್ಲಿ ಕೆರೆ, ಕುಂಟೆಗಳು ಹೆಪ್ಪುಗಟ್ಟಿದಾಗ ಅದೇ ಮೈದಾನ. ಲೇಹ್ ಪಟ್ಟಣದ ಕರ್ಜೂ ಕೊಳದಲ್ಲಿ ಹೀಗೆ ಆಡುತ್ತಾ ಬಂದರು. 2025ರಲ್ಲಿ ಭಾರತದ ಮಹಿಳಾ ಐಸ್ ಹಾಕಿ ತಂಡ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ತಂಡದ ಹೆಚ್ಚಿನ ಹುಡುಗಿಯರು ಲಡಾಖಿನವರೇ. ಆ ಕೊಳದ ಮೇಲೆ ಮನೆ ಕಟ್ಟಿದ್ದರೆ ಈ ಕಂಚು ಎಲ್ಲಿಂದ ಬರುತ್ತಿತ್ತು?

ಈಗ ನಮ್ಮ ಕಡೆಗೆ ಬನ್ನಿ. 2008ರಲ್ಲಿ ವಿಮಾನ ನಿಲ್ದಾಣ ಬಂತು. ಆಮೇಲೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಿ ರಿಂಗ್ ರೋಡ್ ಬಂತು. ಜಮೀನಿಗೆ ಬಂಗಾರದ ಬೆಲೆ. ರಾಗಿ ಕೊಯ್ಲಾದ ಹೊಲದಲ್ಲಿ, ಗೋಮಾಳದಲ್ಲಿ, ಒಣಗಿದ ಕೆರೆ ಅಂಗಳದಲ್ಲಿ ವಾಲಿಬಾಲ್, ಕಬಡ್ಡಿ ಆಡುತ್ತಿದ್ದ ಜಾಗಗಳಲ್ಲಿ ಈಗ ಸೈಟ್ ಕಲ್ಲು, ಕಾಂಪೌಂಡ್, ಗೋದಾಮು. ಹುಡುಗರು ಆಡಬೇಕು ಅಂದರೆ ಗಂಟೆಗೆ ದುಡ್ಡು ಕೊಟ್ಟು ಟರ್ಫ್‌ಗೆ ಹೋಗಬೇಕು. ಕೂಲಿಯವರ ಮಕ್ಕಳು ಎಲ್ಲಿಗೆ ಹೋಗಬೇಕು?

"ಮಕ್ಕಳಿಗೆ ಆಟ ಬೇಡ, ಮೊಬೈಲ್ ಸಾಕಾಗಿದೆ" ಎಂದು ನಾವೇ ಬೈಯುತ್ತೇವೆ. ಆಡುವ ಜಾಗ ಮಾರಿಬಿಟ್ಟು ಮೊಬೈಲ್ ಹಿಡಿದ ಎಂದು ಬೈದರೆ ಏನು ನ್ಯಾಯ?

ತಾಲ್ಲೂಕಿಗೊಂದು ಸ್ಟೇಡಿಯಂ ಕಟ್ಟಿಸಿದರೆ ಸಾಕು ಅನ್ನುವವರೂ ಇದ್ದಾರೆ. ಸ್ಟೇಡಿಯಂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಹತ್ತು ವರ್ಷದ ಹುಡುಗಿ ದಿನಾ ಸಂಜೆ ಇಪ್ಪತ್ತು ಕಿಲೋಮೀಟರ್ ಬಸ್ಸಲ್ಲಿ ಹೋಗಿ ಆಡಲು ಆಗುವುದಿಲ್ಲ. ಮನೆಯಿಂದ ಅಮ್ಮ ಕೂಗಿದರೆ ಕೇಳಿಸುವಷ್ಟು ಹತ್ತಿರ ಮೈದಾನ ಇರಬೇಕು. ಆಟಗಾರರು ಅಲ್ಲಿ ಹುಟ್ಟುತ್ತಾರೆ, ಸ್ಟೇಡಿಯಂನಲ್ಲಿ ಬೆಳೆಯುತ್ತಾರೆ.

ಹಾಗಾದರೆ ಏನು ಮಾಡಬಹುದು? ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಸರ್ಕಾರಿ ಶಾಲೆಯ ಮೈದಾನ ಎಷ್ಟು ಗುಂಟೆ, ಅಳತೆ ಮಾಡಿಸಿ ಬೇಲಿ ಹಾಕಿದ್ದೀರಾ? ಹೊಸ ಲೇಔಟ್ ನಕ್ಷೆಯಲ್ಲಿ ಪಾರ್ಕ್, ಆಟಕ್ಕೆಂದು ಬಿಟ್ಟ ಜಾಗ ಈಗ ಯಾರ ಕೈಯಲ್ಲಿದೆ? ನಮ್ಮ ರಾಜ್ಯದಲ್ಲಿ ನರೇಗಾ ದುಡ್ಡಿನಲ್ಲಿ ಶಾಲಾ ಮೈದಾನ ಮಾಡಿದ ಪಂಚಾಯಿತಿಗಳಿವೆ, ನಮ್ಮ ಪಂಚಾಯಿತಿ ಏನು ಮಾಡಿದೆ?

ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಲದು, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರುವಾಗ ಊರಿನ ಹುಡುಗ ಹುಡುಗಿಯರನ್ನೂ ಕರೆದುಕೊಂಡು ಬನ್ನಿ. ಆ ಜಾಗ ಬೇಕಾಗಿರುವುದು ಅವರಿಗೆ.