ಕಾಗದ ಹೊರುವವರು ನಾವಲ್ಲ

ಗಂಡನ ಹೆಣ ಊರಿಗೆ ಬಂದ ದಿನ ಜಿಲ್ಲಾಧಿಕಾರಿ ಬಂದಿದ್ದರು, ಶಾಸಕರು ಬಂದಿದ್ದರು. ಶಾಲೆಯ ಮಕ್ಕಳು ಬಾವುಟ ಹಿಡಿದು ರಸ್ತೆಯುದ್ದಕ್ಕೂ ನಿಂತಿದ್ದರು. ಮಡಚಿದ ತ್ರಿವರ್ಣ ಧ್ವಜವನ್ನು ನಮ್ಮ ಕೈಗಿಟ್ಟರು. ತಿಥಿ ಮುಗಿದ ಮರುವಾರವೇ ಕಾಗದದ ಚೀಲ ಹಿಡಿದು ಬಸ್ಸು ಹತ್ತಿದೆವು. ವಂಶವೃಕ್ಷಕ್ಕೆ ಒಂದು ಕಚೇರಿ, ಪಿಂಚಣಿಗೆ ಇನ್ನೊಂದು, ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಮತ್ತೆ ಮೊದಲಿನದೇ.

ನಾವು ಕೊಡಗು, ಬೆಳಗಾವಿ, ಧಾರವಾಡ, ಹಾಸನದ ಯೋಧರ ಮಡದಿಯರು. 1971ರ ಯುದ್ಧ ಕಂಡ ಅಜ್ಜಿಯರೂ ನಮ್ಮಲ್ಲಿದ್ದಾರೆ, ಕಂಕುಳಲ್ಲಿ ಕೂಸಿರುವವರೂ ಇದ್ದಾರೆ. ಇಂದು ಒಟ್ಟಾಗಿದ್ದೇವೆ.

ನಮ್ಮವರು ಎಲ್ಲಿ ಸತ್ತರು, ಹೇಗೆ ಸತ್ತರು ಎಂದು ನಮಗೆ ತಿಳಿಸಿದ್ದೇ ಸೇನೆ. ವಿಚಾರಣೆ ನಡೆಸಿದ್ದೂ ವರದಿ ಬರೆದದ್ದೂ ಅದೇ. ಆ ವರದಿಯ ಒಂದು ಪದದ ಮೇಲೆ ನಮ್ಮ ಒಲೆ ನಿಂತಿದೆ. ಯುದ್ಧ ಅಥವಾ ಕಾರ್ಯಾಚರಣೆಯ ಸಾವು ಎಂದರೆ ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಕೊನೆಯ ಸಂಬಳದಷ್ಟು. ಸೇವೆಯ ಕಾರಣದಿಂದ ಎಂದರೆ ಶೇ 60. ಸೇವೆಗೂ ಸಾವಿಗೂ ಸಂಬಂಧವಿಲ್ಲ ಎಂದರೆ ಹತ್ತು ವರ್ಷ ಶೇ 50, ಆಮೇಲೆ ಶೇ 30.

2013ರ ಜನವರಿಯಲ್ಲಿ ಗಡಿ ನಿಯಂತ್ರಣ ರೇಖೆಯ ಬಳಿ ಗಸ್ತಿನಲ್ಲಿದ್ದ ನಾಯಕ್ ದರ್ಜೆಯ ಯೋಧರೊಬ್ಬರು ಚಳಿಯಲ್ಲೇ ಪ್ರಾಣ ಬಿಟ್ಟರು. ಮೊದಲು ಅದನ್ನು ಯುದ್ಧದ ಸಾವು ಎಂದು ಬರೆದು, ಆಮೇಲೆ ತಿದ್ದಿದರು. ಅವರ ಹೆಂಡತಿ ನ್ಯಾಯಮಂಡಳಿಯಲ್ಲಿ ಗೆದ್ದರೂ ಸರ್ಕಾರ ಮೇಲ್ಮನವಿ ಹೋಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಆಕೆಗೆ 50,000 ರೂಪಾಯಿ ವೆಚ್ಚ ಕೊಡುವಂತೆ ಸರ್ಕಾರಕ್ಕೆ ಹೇಳಿತು. ಹತ್ತಿರ ಹತ್ತಿರ ಹನ್ನೆರಡು ವರ್ಷ! ಅಷ್ಟರಲ್ಲಿ ಒಂದನೇ ತರಗತಿಯ ಮಗು ಕಾಲೇಜು ಮುಟ್ಟುತ್ತದೆ.

ಅಂಗವಿಕಲ ಸೈನಿಕನ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಎನ್ನುವುದಾದರೆ ಸರ್ಕಾರವೇ ಸಾಬೀತುಪಡಿಸಬೇಕು ಎಂದು ಇದೇ ನ್ಯಾಯಾಲಯ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸತ್ತವನ ಹೆಂಡತಿಗೂ ಆ ಮಾತು ಸಲ್ಲಲಿ. ಪುರಾವೆಯ ಹೊರೆ ಸರ್ಕಾರ ಹೊರಲಿ. ಇದೇ ನಮ್ಮ ಮೊದಲ ಬೇಡಿಕೆ, ಉಳಿದೆಲ್ಲ ಇದರ ಹಿಂದೆ ಬರುತ್ತವೆ. ವಿಚಾರಣಾ ವರದಿಯ ಪ್ರತಿ ಕನ್ನಡ ಅನುವಾದದೊಂದಿಗೆ ಮನೆಗೆ ಬರಲಿ. ಪಿಂಚಣಿ ಆದೇಶ ಮೂವತ್ತು ದಿನದೊಳಗೆ ಕೈ ಸೇರಲಿ. ಕಳೆ ಕಿತ್ತು ಬೆರಳಚ್ಚು ಸವೆದ ಅಜ್ಜಿ ಬದುಕಿದ್ದಾಳೆಂದು ಪಿಂಚಣಿಯ ಬೆರಳಚ್ಚು ಯಂತ್ರ ಒಪ್ಪದಿದ್ದರೆ, ಅಧಿಕಾರಿ ಬಾಗಿಲಿಗೆ ಬಂದು ನೋಡಲಿ.

ಮರುಮದುವೆಯ ಮಾತನ್ನೂ ತಗ್ಗಿದ ದನಿಯಲ್ಲಿ ಆಡುವುದಿಲ್ಲ. ಮರುಮದುವೆಯಾದ ಮೇಲೂ ಶೌರ್ಯ ಪ್ರಶಸ್ತಿಯ ಭತ್ಯೆ ಉಳಿಯಬೇಕಾದರೆ ಸತ್ತ ಗಂಡನ ಅಣ್ಣನನ್ನೋ ತಮ್ಮನನ್ನೋ ಕಟ್ಟಿಕೊಳ್ಳಬೇಕೆಂಬ ಷರತ್ತು 2017ರ ನವೆಂಬರ್‌ವರೆಗೂ ಇತ್ತು. ಷರತ್ತು ಹೋಯಿತು, ಮನೆಗಳಲ್ಲಿ ಆ ಒತ್ತಾಯ ಹೋಗಿಲ್ಲ. ಯಾರನ್ನು ಮದುವೆಯಾಗಬೇಕು, ಆಗಬೇಕೋ ಬೇಡವೋ, ನಾವೇ ಹೇಳುತ್ತೇವೆ. ಪಿಂಚಣಿಯ ಹಣ ನಮ್ಮ ಖಾತೆಯಲ್ಲೇ ಇರುತ್ತದೆ, ಪಾಸ್‌ಬುಕ್ ನಮ್ಮ ಟ್ರಂಕಿನಲ್ಲಿ.

ಅಕ್ಕಂದಿರೇ, ತಂಗಿಯರೇ, ಪ್ರತಿ ತಿಂಗಳ ಎರಡನೇ ಶನಿವಾರ ನಮ್ಮಲ್ಲೊಬ್ಬರ ಮನೆಯಲ್ಲಿ ಕೂತು ಎಲ್ಲರ ಕಾಗದಗಳನ್ನೂ ಗಟ್ಟಿಯಾಗಿ ಓದುತ್ತೇವೆ. ಓದಲು ಬಾರದವರು ಪೆಟ್ಟಿಗೆ ಸಮೇತ ಬನ್ನಿ.