ಒಂದೆಲಗ ಉಳಿಸೀತೇ ನೆನಪನ್ನು?

ಪರೀಕ್ಷೆ ಹತ್ತಿರ ಬಂತೆಂದರೆ ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೆಲಗದ ತಂಬುಳಿ ಸಿದ್ಧವಾಗುತ್ತದೆ. ಅದೇ ಹೊತ್ತಿಗೆ, 'ನಿದ್ದೆ ಬಾರದು, ಓದಿದ್ದೆಲ್ಲ ತಲೆಗೆ ಹತ್ತುತ್ತದೆ' ಎಂದು ಗೆಳೆಯನೊಬ್ಬ ಮಾತ್ರೆ ಕೊಡಲೂಬಹುದು. ಮಾತ್ರೆಯ ಕೆಡುಕನ್ನು ಎಲೆ ಕಳೆದೀತೇ?

ಉತ್ತೇಜಕ ಮಾದಕಗಳಲ್ಲಿ ಕುಖ್ಯಾತವಾದದ್ದು ಮೆಥಾಂಫೆಟಮಿನ್. ವಿಚಿತ್ರವೆಂದರೆ ಇದರ ಮೂಲವೂ ಒಂದು ಗಿಡವೇ! ಜಪಾನಿನ ನಗಾಯ್ ನಾಗಯೋಶಿ 1885ರಲ್ಲಿ ಎಫೆಡ್ರ ಗಿಡದಿಂದ ಎಫೆಡ್ರಿನ್ ಬೇರ್ಪಡಿಸಿದರು. 1893ರಲ್ಲಿ ಅದರಿಂದ ಮೆಥಾಂಫೆಟಮಿನ್ ತಯಾರಿಸಿದರು. ಗಿಡದಿಂದ ಬಂದದ್ದೆಲ್ಲ ನಿರಪಾಯಕಾರಿ ಎನ್ನುವಂತಿಲ್ಲ.

ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಡೋಪಮಿನ್ ಒಂದು. ಮೆಥಾಂಫೆಟಮಿನ್ ಸೇವಿಸಿದಾಗ ಇದು ಮಿತಿಮೀರಿ ಸುರಿಯುತ್ತದೆ. ಹೆಚ್ಚಾದ ಡೋಪಮಿನ್ ಆಕ್ಸಿಡೀಕರಣಗೊಂಡು 'ಮುಕ್ತ ರಾಡಿಕಲ್'ಗಳು ಹುಟ್ಟುತ್ತವೆ, ನರತುದಿಗಳನ್ನು ಹಾಳುಮಾಡುತ್ತವೆ. ಈ ಚಟವಿದ್ದ 15 ಮಂದಿಯ ಮಿದುಳನ್ನು ಅಮೆರಿಕದ ವಿಜ್ಞಾನಿಗಳು ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಡೋಪಮಿನ್ನನ್ನು ಹಿಂದಕ್ಕೆಳೆದುಕೊಳ್ಳುವ ಪ್ರೋಟೀನು ಅವರಲ್ಲಿ ಕುಗ್ಗಿತ್ತು. ಅದು ಕುಗ್ಗಿದಷ್ಟೂ ನಡಿಗೆ ನಿಧಾನ, ನೆನಪು ಮಂದ.

ಅರಿಸಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಮುಂತಾದವು ಮುಕ್ತ ರಾಡಿಕಲ್‌ಗಳನ್ನು ತಣಿಸಬಲ್ಲವು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಇಂಥ ಕೆಲವು ವಸ್ತುಗಳು ಹಾನಿಯನ್ನು ತಗ್ಗಿಸಿವೆ. ಆದರೆ ಅಲ್ಲಿ ಅಳೆದು ಕೊಟ್ಟ ಶುದ್ಧ ವಸ್ತುವೇ ಬೇರೆ, ನಮ್ಮ ಅಡುಗೆಯ ಚಿಟಿಕೆ ಅರಿಸಿನವೇ ಬೇರೆ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ.

ಹಾಗಾದರೆ ಬ್ರಾಹ್ಮಿ? ಈ ಹೆಸರಿನಲ್ಲಿ ಎರಡು ಸಸ್ಯಗಳಿವೆ: ಒಂದೆಲಗ ಮತ್ತು ನೀರುಬ್ರಾಹ್ಮಿ. ಬ್ಯಾಕೋಸೈಡ್‌ಗಳಿರುವುದು ನೀರುಬ್ರಾಹ್ಮಿಯಲ್ಲಿ. ಆಸ್ಟ್ರೇಲಿಯದಲ್ಲಿ ಇದರ ಸಾರವನ್ನು ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ಸೇವಿಸಿದವರಲ್ಲಿ ಕಲಿಕೆ, ನೆನಪು ಸುಧಾರಿಸಿದ್ದು 2001ರಲ್ಲಿ ವರದಿಯಾಯಿತು. ಆದರೆ ಅವರೆಲ್ಲ ಆರೋಗ್ಯವಂತರು, ಮಾದಕ ವ್ಯಸನಿಗಳಲ್ಲ. ಮಾದಕದಿಂದ ಕೆಟ್ಟ ನೆನಪನ್ನು ಮನುಷ್ಯರಲ್ಲಿ ಸರಿಪಡಿಸುತ್ತದೆಂದು ಸಾಬೀತಾದ ಮೂಲಿಕೆ ಯಾವುದೂ ಇಲ್ಲ.

ಖಚಿತ ದಾರಿಯೆಂದರೆ ಮಾದಕವನ್ನು ಮುಟ್ಟದಿರುವುದು, ಮುಟ್ಟಿದ್ದರೆ ಬಿಡುವುದು. ವರ್ಷಕ್ಕೂ ಹೆಚ್ಚು ಕಾಲ ದೂರವಿದ್ದವರಲ್ಲಿ ಆ ಪ್ರೋಟೀನು ಬಹುಮಟ್ಟಿಗೆ ಚೇತರಿಸಿಕೊಂಡದ್ದೂ 2001ರಲ್ಲೇ ತಿಳಿಯಿತು. ಆದರೆ ನೆನಪಿನ ಪರೀಕ್ಷೆಗಳಲ್ಲಿ ಅಷ್ಟೇ ಚೇತರಿಕೆ ಕಾಣಲಿಲ್ಲ!

ಮಗ ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆಯುತ್ತಿದ್ದರೆ, ಊಟ ಸೇರದಿದ್ದರೆ, ಗದರುವ ಮೊದಲು ತಂದೆತಾಯಿ ಪಕ್ಕದಲ್ಲಿ ಕೂತು ಕೇಳಲಿ. ಅಗತ್ಯವಿದ್ದರೆ ವೈದ್ಯರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಬಿಡಿಸುವ ವಿಭಾಗವೇ ಇದೆ. ಓದಿದ್ದು ಮಿದುಳಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ತಂಬುಳಿ ಉಂಡು ಮಲಗಲಿ, ಒಳ್ಳೆಯದೇ. ಮಾತ್ರೆಗೆ ಅದು ಮದ್ದೆಂದು ಮಾತ್ರ ಯಾರೂ ನಂಬದಿರಲಿ.